ಸುಳ್ಳು ಚುಕ್ಕೆ, ನಿಜದ ಚುಕ್ಕೆ

2000ನೇ ಇಸವಿಯ ಜುಲೈ 14ರಂದು ಸೂರ್ಯನ ಮೇಲ್ಮೈಯಲ್ಲಿ ಎಕ್ಸ್5.7 ದರ್ಜೆಯ ಭಾರಿ ಜ್ವಾಲೆಯೊಂದು ಸಿಡಿಯಿತು. ಅದು ಫ್ರಾನ್ಸಿನ ರಾಷ್ಟ್ರೀಯ ದಿನವೂ ಆಗಿದ್ದರಿಂದ ಸೌರವಿಜ್ಞಾನಿಗಳು ಇಂದಿಗೂ ಅದನ್ನು ‘ಬ್ಯಾಸ್ಟಿಲ್ ದಿನದ ಘಟನೆ’ ಎಂದೇ ಕರೆಯುತ್ತಾರೆ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ, ಹಗಲು ರಾತ್ರಿಯೆನ್ನದೆ ಸೂರ್ಯನನ್ನೇ ನೋಡುತ್ತಿದ್ದ ಸೋಹೋ ನೌಕೆ ಅದನ್ನೂ ನೋಡಿತು. ನೌಕೆಯಲ್ಲಿರುವ ಲಾಸ್ಕೋ ಎಂಬ ಉಪಕರಣ ಸೂರ್ಯನ ಬಿಂಬವನ್ನು ಬಿಲ್ಲೆಯೊಂದರಿಂದ ಮರೆಮಾಡಿ, ಸುತ್ತಲಿನ ಮಂದ ಪ್ರಭೆಯಾದ ಕರೋನಾವನ್ನು ಚಿತ್ರಿಸುತ್ತದೆ. ಜ್ವಾಲೆಯ ಹಿಂದೆಯೇ ಅನಿಲರಾಶಿಯೊಂದು ಬಿಲ್ಲೆಯ ಅಂಚಿನಿಂದ ಎಲ್ಲ ದಿಕ್ಕಿಗೂ ಹೊರಚಿಮ್ಮುತ್ತ ಬಂತು. ನೋಡಲೇಬೇಕಾದ ಆ ಹೊತ್ತಿನಲ್ಲೇ ಚಿತ್ರ ಕೆಟ್ಟುಹೋಯಿತು. ಒಂದಾದ ಮೇಲೊಂದು ಬಂದ ಚಿತ್ರಗಳ ತುಂಬ ಬಿಳಿ ಚುಕ್ಕೆಗಳು, ಅಲ್ಲಲ್ಲಿ ಚಿಕ್ಕ ಬಿಳಿ ಗೀರುಗಳು. ಅವುಗಳ ನಡುವೆ ಕರೋನಾ ಎಲ್ಲಿದೆ ಎಂದು ಹುಡುಕಬೇಕಾಯಿತು.

ಆ ಚುಕ್ಕೆಗಳನ್ನು ಎರಚಿದ್ದೂ ಸೂರ್ಯನೇ. ಸ್ಫೋಟದಲ್ಲಿ ವೇಗ ಪಡೆದ ಪ್ರೋಟಾನ್‌ಗಳು ನೌಕೆಯ ಗೋಡೆಯನ್ನು ತೂರಿ ಕ್ಯಾಮೆರಾದ ಸಿಸಿಡಿ ಫಲಕಕ್ಕೇ ಬಡಿದಿದ್ದವು. ಸಿಸಿಡಿ ಎಂದರೆ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತೊತ್ತಾಗಿ ಜೋಡಿಸಿದ ಪುಟ್ಟ ಗುಳಿಗಳು. ಲಾಸ್ಕೋದಲ್ಲಿ ಇಂಥವು 1024 ಸಾಲು, ಸಾಲಿಗೆ 1024. ಬೆಳಕಿನ ಕಣವೊಂದು ಬಿದ್ದರೆ ಸಿಲಿಕಾನಿನಿಂದ ಒಂದು ಎಲೆಕ್ಟ್ರಾನ್ ಕಳಚಿಕೊಂಡು ಗುಳಿಗೆ ಇಳಿಯುತ್ತದೆ. ಕೊನೆಯಲ್ಲಿ ಯಾವ ಗುಳಿಯಲ್ಲಿ ಎಷ್ಟು ಎಲೆಕ್ಟ್ರಾನ್ ಕೂಡಿದೆ ಎಂದು ಎಣಿಸಿದರೆ ಅದೇ ಚಿತ್ರ. ಪ್ರೋಟಾನ್ ಬೆಳಕಲ್ಲ, ಆದರೆ ಸಿಲಿಕಾನಿನಲ್ಲಿ ಹಾದುಹೋಗುವಾಗ ಅದು ಕಳೆದುಕೊಳ್ಳುವ ಪ್ರತಿ 3.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಒಂದರಂತೆ ಎಲೆಕ್ಟ್ರಾನ್‌ಗಳನ್ನು ಬಿಡಿಸಿಬಿಡುತ್ತದೆ. ಒಂದೇ ಪ್ರೋಟಾನ್ ಸಾವಿರಾರು ಎಲೆಕ್ಟ್ರಾನ್‌ಗಳನ್ನು ಒಂದೆರಡು ಗುಳಿಗಳಿಗೆ ಸುರಿದು ಹೋಗಬಹುದು. ಎಣಿಸುವ ಯಂತ್ರಕ್ಕೆ ಎಲೆಕ್ಟ್ರಾನ್ ಎಲ್ಲಿಂದ ಬಂತೆಂಬುದು ಗೊತ್ತಾಗುವುದಿಲ್ಲ. ನಕ್ಷತ್ರ ಕೊಟ್ಟ ಎಲೆಕ್ಟ್ರಾನೂ ಪ್ರೋಟಾನ್ ಕೊಟ್ಟ ಎಲೆಕ್ಟ್ರಾನೂ ಅದಕ್ಕೆ ಒಂದೇ. ಈ ಅಧ್ಯಾಯದ ತೊಡಕೆಲ್ಲ ಇರುವುದು ಇಲ್ಲಿಯೇ.

ಇಂಥ ಕೆಡುಕಿಗೆ ಎಂಜಿನಿಯರುಗಳು ಇಂಪಲ್ಸ್ ನಾಯ್ಸ್ ಎನ್ನುತ್ತಾರೆ. ಮಂದ ಬೆಳಕಿನಲ್ಲಿ ಮೊಬೈಲಿನಿಂದ ಫೋಟೋ ತೆಗೆದರೆ ಚಿತ್ರವಿಡೀ ತರಿತರಿಯಾಗಿ ಕಾಣುತ್ತದಲ್ಲ, ಅದು ಬೇರೆ. ಅಲ್ಲಿ ಪ್ರತಿಯೊಂದು ಪಿಕ್ಸೆಲ್ಲೂ ಸ್ವಲ್ಪ ಸ್ವಲ್ಪ ತಪ್ಪಿರುತ್ತದೆ. ಇಂಪಲ್ಸ್ ನಾಯ್ಸಿನಲ್ಲಿ ಬಹುಪಾಲು ಪಿಕ್ಸೆಲ್‌ಗಳಿಗೆ ಏನೂ ಆಗಿರುವುದಿಲ್ಲ, ಕೆಲವು ಮಾತ್ರ ಪೂರ್ತಿ ಹಾಳಾಗಿರುತ್ತವೆ. ಸಾಮಾನ್ಯ ಕಪ್ಪು-ಬಿಳುಪು ಚಿತ್ರದಲ್ಲಿ ಕಡುಗಪ್ಪಿಗೆ 0, ಅಚ್ಚ ಬಿಳಿಗೆ 255. ಹಾಳಾದ ಪಿಕ್ಸೆಲ್‌ಗಳು ಈ ಎರಡು ತುದಿಗಳಿಗೇ ಹೋಗಿ ಕೂತರೆ ಚಿತ್ರದ ಮೇಲೆ ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಾಣುತ್ತದೆ. ಅದಕ್ಕೇ ಇದಕ್ಕೆ ಉಪ್ಪು-ಮೆಣಸಿನ ನಾಯ್ಸ್ ಎಂಬ ಹೆಸರೂ ಬಂದಿದೆ.

ಪ್ರೋಟಾನೇ ಬೇಕೆಂದಿಲ್ಲ. ಸೆನ್ಸರಿನಲ್ಲಿ ಸತ್ತ ಪಿಕ್ಸೆಲ್ ಇದ್ದರೆ ಅಲ್ಲಿ ಎಂದಿಗೂ ಕಪ್ಪು, ಸೋರುವ ಪಿಕ್ಸೆಲ್ ಇದ್ದರೆ ಅಲ್ಲಿ ಎಂದಿಗೂ ಬಿಳಿ. ಚಿತ್ರವನ್ನು ರೇಡಿಯೊ ಅಲೆಯಲ್ಲಿ ಕಳಿಸುವಾಗ ಬಿಟ್ ತಿರುಗುಮುರುಗಾದರೂ ಇದೇ ಗತಿ. 120 ಎಂಬ ಬೂದು ಬಣ್ಣ ಬಿಟ್‌ಗಳಲ್ಲಿ 01111000. ಇದರ ಕೊನೆಯ ಬಿಟ್ ಕೆಟ್ಟರೆ 121 ಆಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲ ಬಿಟ್ ಕೆಟ್ಟರೆ 248, ಹತ್ತಿರಹತ್ತಿರ ಬಿಳಿ. ಕೆಟ್ಟಿದ್ದು ಎರಡು ಕಡೆಯೂ ಒಂದೇ ಬಿಟ್. ನಡುವಿನ ಬಿಟ್ ಕೆಟ್ಟರೆ ತಪ್ಪು ನಡುಗಾತ್ರದ್ದಾಗಿ, ಅದು ತಪ್ಪೋ ಚಿತ್ರದ್ದೇ ವಿವರವೋ ಎಂದು ಹೇಳುವುದು ಕಷ್ಟವಾಗುತ್ತದೆ. ಈ ಮೂರನೆಯ ಬಗೆಯ ಬಗ್ಗೆ ಮುಂದೆ ಮತ್ತೆ ಹೇಳಬೇಕಾಗುತ್ತದೆ.

ತೆಗೆಯುವುದು ಹೇಗೆ? ಚಿತ್ರದಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಸಾಮಾನ್ಯವಾಗಿ ಒಂದನ್ನೊಂದು ಹೋಲುತ್ತವೆ. ಹಾಗಾಗಿ ಕೆಟ್ಟ ಪಿಕ್ಸೆಲ್ ಏನಿದ್ದಿರಬೇಕೆಂದು ನೆರೆಯವನ್ನು ಕೇಳುವುದೇ ದಾರಿ. ಒಂದು ಪಿಕ್ಸೆಲ್, ಅದರ ಸುತ್ತಲಿನ ಎಂಟು, ಒಟ್ಟು ಒಂಬತ್ತರ 3×3 ಕಿಟಕಿಯನ್ನು ಇಟ್ಟುಕೊಳ್ಳೋಣ. ಅದರೊಳಗಿನ ಸಂಖ್ಯೆಗಳು ಹೀಗಿವೆ ಎನ್ನಿ: ಮೇಲಿನ ಸಾಲಿನಲ್ಲಿ 118, 120, 121, ನಡುವಿನ ಸಾಲಿನಲ್ಲಿ 119, 255, 122, ಕೆಳಗಿನ ಸಾಲಿನಲ್ಲಿ 117, 120, 123. ನಡುವಿನ 255 ಸುಳ್ಳೆಂದು ಮಗುವಿಗೂ ಗೊತ್ತಾಗುತ್ತದೆ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಸರಾಸರಿ. ಒಂಬತ್ತನ್ನೂ ಕೂಡಿದರೆ 1215, ಒಂಬತ್ತರಿಂದ ಭಾಗಿಸಿದರೆ 135. ಸುತ್ತಲಿನ ಎಂಟರ ಸರಾಸರಿ ಸರಿಯಾಗಿ 120. ಅಂದರೆ ಒಂದು ಸುಳ್ಳು ಸಂಖ್ಯೆ ಉತ್ತರವನ್ನು 15 ಮೆಟ್ಟಿಲು ಮೇಲಕ್ಕೆ ಎಳೆದಿದೆ. ಇನ್ನೂ ಕೆಟ್ಟದ್ದೆಂದರೆ, ಕಿಟಕಿಯನ್ನು ಒಂದೊಂದೇ ಹೆಜ್ಜೆ ಸರಿಸಿಕೊಂಡು ಹೋಗುವಾಗ ಆ 255 ಒಂಬತ್ತು ಕಿಟಕಿಗಳಲ್ಲಿ ಸಿಕ್ಕುತ್ತದೆ, ಒಂಬತ್ತನ್ನೂ ಕೆಡಿಸುತ್ತದೆ. ಒಂದು ಪಿಕ್ಸೆಲ್‌ನ ಮಚ್ಚೆ ಒಂಬತ್ತು ಪಿಕ್ಸೆಲ್‌ಗಳ ಕಲೆಯಾಗಿ ಹರಡಿಕೊಳ್ಳುತ್ತದೆ. ಇದರ ಜೊತೆಗೆ ಕಪ್ಪು ಮತ್ತು ಬಿಳುಪು ಕೂಡುವ ಪ್ರತಿಯೊಂದು ಅಂಚೂ ಮಸುಕಾಗುತ್ತದೆ. ತರಿತರಿಯನ್ನು ತಗ್ಗಿಸಲು ಸರಾಸರಿ ಒಳ್ಳೆಯ ಸಾಧನ. ಇಲ್ಲಿ ಮಾತ್ರ ಅದು ರೋಗವನ್ನು ಹಂಚುವ ಮದ್ದು.

ಇನ್ನೊಂದು ಉಪಾಯವನ್ನು ನಾವೆಲ್ಲ ಹೈಸ್ಕೂಲಿನಲ್ಲೇ ಕಲಿತಿದ್ದೇವೆ: ಮಧ್ಯಾಂಕ. ಒಂಬತ್ತು ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ಐದನೆಯ ಮಗುವಿನ ಎತ್ತರವನ್ನಷ್ಟೇ ಬರೆದುಕೊಳ್ಳುವುದು. ಸಾಲಿನ ಕೊನೆಯ ಹುಡುಗ ಐದೂವರೆ ಅಡಿ ಇದ್ದರೂ ತೆಂಗಿನಮರದಷ್ಟಿದ್ದರೂ ಐದನೆಯವಳ ಎತ್ತರ ಬದಲಾಗುವುದಿಲ್ಲ. ನಮ್ಮ ಸಂಖ್ಯೆಗಳನ್ನು ಹಾಗೆ ನಿಲ್ಲಿಸಿದರೆ 117, 118, 119, 120, 120, 121, 122, 123, 255. ಐದನೆಯದು 120. ನಡುವಿನ ಪಿಕ್ಸೆಲ್‌ಗೆ 255ರ ಬದಲು 120 ಬರೆದರಾಯಿತು. ಸುಳ್ಳು ಸಂಖ್ಯೆ ಎಷ್ಟೇ ದೊಡ್ಡದಿರಲಿ, ಸಾಲಿನಲ್ಲಿ ಅದಕ್ಕೆ ಸಿಕ್ಕುವುದು ಒಂದೇ ಜಾಗ.

ಹೀಗೆ ಸರಿಯುತ್ತ ಹೋಗುವ ಮಧ್ಯಾಂಕವನ್ನು ಬಳಕೆಗೆ ತಂದವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟೂಕಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮತ್ತು ಬೆಲ್ ಲ್ಯಾಬ್ಸ್ ಎರಡೂ ಕಡೆ ದುಡಿದವರು. ‘ಬಿಟ್’ ಎಂಬ ಪದವನ್ನು ಟಂಕಿಸಿದವರು ಅವರೇ, 1965ರಲ್ಲಿ ಜೇಮ್ಸ್ ಕೂಲಿಯವರ ಜೊತೆ ಸೇರಿ ವೇಗದ ಫೂರಿಯರ್ ಲೆಕ್ಕದ ವಿಧಾನ ಕೊಟ್ಟವರೂ ಅವರೇ. ಟೂಕಿಯವರ ಮನಸ್ಸಿನಲ್ಲಿದ್ದದ್ದು ಚಿತ್ರವಲ್ಲ, ಕಾಲಕ್ರಮದಲ್ಲಿ ಬರೆದ ಅಂಕಿಗಳ ಸಾಲು. 1977ರಲ್ಲಿ ಪ್ರಕಟವಾದ ಅವರ ದತ್ತಾಂಶ ವಿಶ್ಲೇಷಣೆಯ ಪುಸ್ತಕದಲ್ಲಿ ಪೆನ್ಸಿಲ್ಲು ಕಾಗದ ಹಿಡಿದು ಮೂರು ಮೂರು ಅಂಕಿಗಳ ಮಧ್ಯಾಂಕ ತೆಗೆಯುತ್ತ ಸಾಗುವ ಪಾಠವಿದೆ. ಅಂಕಿಗಳಲ್ಲಿ ಮಧ್ಯೆ ಮಧ್ಯೆ ಅಡ್ಡಾದಿಡ್ಡಿಯಾದವು ಬಂದೇ ಬರುತ್ತವೆ, ಲೆಕ್ಕದ ವಿಧಾನವೇ ಅವಕ್ಕೆ ಬಗ್ಗದಂತಿರಬೇಕು ಎಂಬುದು ಅವರ ಪಟ್ಟು. ಇಡೀ ಚಿತ್ರಸಂಸ್ಕರಣೆ ಈ ಪಟ್ಟಿಗೆ ಋಣಿಯಾಗಿದೆ ಎಂದು ನಾನು ನಂಬುತ್ತೇನೆ.

ಮಧ್ಯಾಂಕದ ಇನ್ನೊಂದು ಗುಣ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಗೋಡೆಯೂ ಆಕಾಶವೂ ಸೇರುವ ನೇರ ಅಂಚೊಂದನ್ನು ಊಹಿಸಿಕೊಳ್ಳಿ. ಅಂಚಿಗೆ ಅಂಟಿಕೊಂಡ ಗೋಡೆಯ ಪಿಕ್ಸೆಲ್‌ನ ಮೇಲೆ ಕಿಟಕಿಯನ್ನಿಟ್ಟರೆ ಒಳಗೆ ಆರು ಗೋಡೆ, ಮೂರು ಆಕಾಶ. ಐದನೆಯ ಸಂಖ್ಯೆ ಗೋಡೆಯದೇ. ಒಂದು ಹೆಜ್ಜೆ ಆಚೆ ಸರಿದರೆ ಆರು ಆಕಾಶ, ಮೂರು ಗೋಡೆ, ಉತ್ತರ ಆಕಾಶ. ಅಂಚು ಇದ್ದಲ್ಲೇ, ಇದ್ದಷ್ಟೇ ಚೂಪಾಗಿ ಉಳಿಯುತ್ತದೆ. ಸರಾಸರಿಯಾಗಿದ್ದರೆ ಗೋಡೆಯೂ ಅಲ್ಲದ ಆಕಾಶವೂ ಅಲ್ಲದ ಎರಡು ಪಟ್ಟಿಗಳನ್ನು ನಡುವೆ ಹುಟ್ಟಿಸುತ್ತಿತ್ತು. ಮಧ್ಯಾಂಕ ಆರಿಸಿಕೊಳ್ಳುವುದು ಕಿಟಕಿಯೊಳಗೆ ಇರುವ ಸಂಖ್ಯೆಯನ್ನೇ. ಹೊಸದೊಂದನ್ನು ಕಟ್ಟಿ ತರುವುದಿಲ್ಲ.

ಪ್ರತಿ ಪಿಕ್ಸೆಲ್‌ಗೂ ಸಂಖ್ಯೆಗಳನ್ನು ಸಾಲುಗಟ್ಟಿಸುವುದು ಹಿಂದಿನ ಕಂಪ್ಯೂಟರುಗಳಿಗೆ ಭಾರವಾಗಿತ್ತು. 1979ರಲ್ಲಿ ಥಾಮಸ್ ಹುವಾಂಗ್ ಮತ್ತು ಸಂಗಡಿಗರು ಇದಕ್ಕೊಂದು ಜಾಣ ದಾರಿ ತೋರಿಸಿದರು. 15×15 ಕಿಟಕಿಯಲ್ಲಿ 225 ಸಂಖ್ಯೆಗಳಿದ್ದರೂ ಒಂದು ಹೆಜ್ಜೆ ಸರಿಸಿದಾಗ ಹೊರಹೋಗುವುದು 15, ಒಳಬರುವುದು 15. ಯಾವ ಸಂಖ್ಯೆ ಎಷ್ಟು ಸಲ ಇದೆ ಎಂಬ ಪಟ್ಟಿಯೊಂದನ್ನು ಜೊತೆಗೆ ಇಟ್ಟುಕೊಂಡು ಅದರಲ್ಲಿ ಇಷ್ಟನ್ನೇ ತಿದ್ದುತ್ತ ಹೋದರೆ ಸಾಕು. ಈಗ ಕೈಲಿರುವ ಫೋನಿಗೂ ಇದು ಕಷ್ಟದ ಕೆಲಸವಲ್ಲ.

ಹಾಗಾದರೆ ಮಧ್ಯಾಂಕ ಸೋಲುವುದೆಲ್ಲಿ? ಚುಕ್ಕೆಗಳು ಹೆಚ್ಚಾದಾಗ ಎಂಬುದು ಊಹಿಸಬಹುದಾದ ಉತ್ತರ. ಎಷ್ಟು ಬೇಗ ಸೋಲುತ್ತದೆ ಎಂಬುದು ಊಹೆಗೆ ಸಿಗುವುದಿಲ್ಲ, ಲೆಕ್ಕ ಹಾಕಬೇಕು. ಬರೀ ಬಿಳಿ ಚುಕ್ಕೆಗಳಿದ್ದು, ನೂರಕ್ಕೆ ಹತ್ತು ಪಿಕ್ಸೆಲ್‌ಗಳು ಕೆಟ್ಟಿವೆ ಎಂದುಕೊಳ್ಳಿ. 3×3 ಕಿಟಕಿ ಮೋಸಹೋಗಬೇಕಾದರೆ ಒಂಬತ್ತರಲ್ಲಿ ಐದಾದರೂ ಕೆಟ್ಟಿರಬೇಕು. ಹಾಗಾಗುವ ಸಂಭವ ಸಾವಿರಕ್ಕೆ ಒಂದಕ್ಕಿಂತ ಕಡಿಮೆ, ಸುಮಾರು 0.0009. ಹತ್ತು ಲಕ್ಷ ಪಿಕ್ಸೆಲ್‌ಗಳ ಚಿತ್ರದಲ್ಲಿ ಒಂದು ಲಕ್ಷ ಚುಕ್ಕೆಗಳಿದ್ದದ್ದು 900ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಕೆಟ್ಟ ಪಿಕ್ಸೆಲ್‌ಗಳು ನೂರಕ್ಕೆ ಮೂವತ್ತಾದರೆ ಆ ಸಂಭವ ಸುಮಾರು 0.1. ಅಂದರೆ ಫಿಲ್ಟರ್ ಹಾದುಬಂದ ಮೇಲೂ ಹತ್ತರಲ್ಲಿ ಒಂದು ಪಿಕ್ಸೆಲ್ ಬಿಳಿಯಾಗಿಯೇ ಉಳಿಯುತ್ತದೆ. ಚುಕ್ಕೆಗಳು ಮೂರು ಪಟ್ಟು ಹೆಚ್ಚಿದರೆ ಸೋಲು ನೂರು ಪಟ್ಟಿಗೂ ಹೆಚ್ಚಾಗುತ್ತದೆ.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಬಗೆಯ ಸೋಲು, ಕೆಟ್ಟದ್ದೇ ಇಲ್ಲದ ಕಡೆ ಆಗುವ ನಷ್ಟ. ಒಂದು ಪಿಕ್ಸೆಲ್ ಅಗಲದ ಗೆರೆ ಚಿತ್ರದಲ್ಲಿ ಹಾದುಹೋಗಿದೆ ಎನ್ನಿ, ಆಕಾಶದ ಎದುರು ಕರೆಂಟ್ ತಂತಿಯಂಥದ್ದು. 3×3 ಕಿಟಕಿಯಲ್ಲಿ ತಂತಿಯ ಪಾಲು ಮೂರು, ಆಕಾಶದ್ದು ಆರು. ತಂತಿ ಪೂರ್ತಿ ಅಳಿಸಿಹೋಗುತ್ತದೆ. ಚೌಕದ ಮೂಲೆಯಲ್ಲಿರುವ ಪಿಕ್ಸೆಲ್‌ಗೆ ಅದೂ ಸೇರಿ ತನ್ನವರು ನಾಲ್ಕೇ, ಹೊರಗಿನವರು ಐದು. ಮೂಲೆ ಬೋಳಾಗುತ್ತದೆ. ಫಿಲ್ಟರಿನ ದೃಷ್ಟಿಯಲ್ಲಿ ಕಡಿಮೆ ಇರುವುದೆಲ್ಲ ಸುಳ್ಳು. ನಿಜವಾದದ್ದೂ ಕಡಿಮೆ ಇರಬಹುದು ಎಂಬುದನ್ನು ಅದಕ್ಕೆ ಯಾರಾದರೂ ಹೇಳಿಕೊಡಬೇಕು.

1990ರ ದಶಕದಿಂದೀಚೆಗೆ ಈ ಕ್ಷೇತ್ರದಲ್ಲಿ ಆದ ಕೆಲಸದ ದೊಡ್ಡ ಪಾಲು ಇದನ್ನು ಹೇಳಿಕೊಡುವ ಪ್ರಯತ್ನವೇ. ಮೂಲ ವಿಚಾರ ಸರಳ: ಎಲ್ಲ ಪಿಕ್ಸೆಲ್‌ಗಳನ್ನೂ ತಿದ್ದಬೇಡ, ಮೊದಲು ಯಾವುದು ಕೆಟ್ಟಿದೆ ಎಂದು ಗುರುತಿಸು, ಅದನ್ನು ಮಾತ್ರ ಮುಟ್ಟು. 1995ರಲ್ಲಿ ಹ್ವಾಂಗ್ ಮತ್ತು ಹದ್ದಾದ್ ಎಂಬಿಬ್ಬರು ಪ್ರಕಟಿಸಿದ ಹೊಂದಿಕೊಳ್ಳುವ ಮಧ್ಯಾಂಕ ಫಿಲ್ಟರ್ ಈಗಲೂ ಪಾಠಪುಸ್ತಕಗಳಲ್ಲಿ ಇರುವ ಉದಾಹರಣೆ. ಅದು ಮೊದಲು ತನ್ನ ಉತ್ತರವನ್ನೇ ಅನುಮಾನಿಸುತ್ತದೆ. ಮಧ್ಯಾಂಕವು ಕಿಟಕಿಯೊಳಗಿನ ಅತಿ ಚಿಕ್ಕ ಅಥವಾ ಅತಿ ದೊಡ್ಡ ಸಂಖ್ಯೆಗೇ ಸಮನಾಗಿದ್ದರೆ ಆ ಮಧ್ಯಾಂಕವೂ ಸುಳ್ಳಿರಬಹುದೆಂದು ಕಿಟಕಿಯನ್ನು 5×5ಕ್ಕೆ, ಬೇಕಾದರೆ 7×7ಕ್ಕೆ ಹಿಗ್ಗಿಸುತ್ತದೆ. ನಂಬಬಹುದಾದ ಮಧ್ಯಾಂಕ ಸಿಕ್ಕ ಮೇಲೆ ನಡುವಿನ ಪಿಕ್ಸೆಲ್‌ನತ್ತ ತಿರುಗುತ್ತದೆ. ಅದು ಎರಡೂ ತುದಿಗಳಿಗೆ ಸೇರದಿದ್ದರೆ ಇದ್ದಂತೆಯೇ ಬಿಡುತ್ತದೆ. ತುದಿಯಲ್ಲಿದ್ದರೆ ಮಾತ್ರ ಮಧ್ಯಾಂಕವನ್ನು ಬರೆಯುತ್ತದೆ.

2007ರಲ್ಲಿ ನಮ್ಮ ದೇಶದ ಕೆ. ಎಸ್. ಶ್ರೀನಿವಾಸನ್ ಮತ್ತು ಡಿ. ಎಬಿನೇಜರ್ ಇನ್ನೂ ಚುರುಕಾದ ವಿಧಾನವೊಂದನ್ನು ಪ್ರಕಟಿಸಿದರು. ಚಿತ್ರದ ಅರ್ಧಕ್ಕಿಂತ ಹೆಚ್ಚು ಪಿಕ್ಸೆಲ್‌ಗಳು ಹಾಳಾದಾಗಲೂ ಬಳಸಬಹುದಾದದ್ದು. 0 ಅಥವಾ 255 ಇದ್ದರೆ ಮಾತ್ರ ತಿದ್ದು. 3×3ರ ಮಧ್ಯಾಂಕವೂ 0 ಅಥವಾ 255 ಆಗಿಬಿಟ್ಟರೆ, ಈಗಷ್ಟೇ ತಿದ್ದಿ ಮುಗಿಸಿದ ಪಕ್ಕದ ಪಿಕ್ಸೆಲ್‌ನ ಬೆಲೆಯನ್ನೇ ತೆಗೆದುಕೋ. ಕಿಟಕಿಯನ್ನು ಹಿಗ್ಗಿಸುವ ಶ್ರಮವಿಲ್ಲದ್ದರಿಂದ ಇದು ವೇಗವಾಗಿ ಮುಗಿಯುತ್ತದೆ. ಚುಕ್ಕೆಗಳು ತೀರಾ ದಟ್ಟವಾದಾಗ ಪಕ್ಕದ ಬೆಲೆಯೇ ಮುಂದೆ ಮುಂದೆ ಸಾಗಿ ಚಿತ್ರದಲ್ಲಿ ಗೀರು ಎಳೆದಂತಾಗುವುದು ಇದರ ಕೊರತೆ. ಆಮೇಲೆ ಬಂದ ಹಲವು ವಿಧಾನಗಳು ಈ ಗೀರನ್ನು ಅಳಿಸುವುದರಲ್ಲೇ ತೊಡಗಿದವು.

0 ಮತ್ತು 255ನ್ನು ನೋಡಿ ಕಳ್ಳನನ್ನು ಹಿಡಿಯುವ ಎಲ್ಲ ವಿಧಾನಗಳಿಗೂ ಒಂದು ಮಿತಿಯಿದೆ. ಬಿಸಿಲಿಗಿಟ್ಟ ಸ್ಟೀಲ್ ತಂಬಿಗೆಯ ಮೇಲಿನ ಮಿಂಚು ನಿಜವಾಗಿಯೂ 255. ಬಿಟ್ ಕೆಟ್ಟು ಹುಟ್ಟಿದ 152ರಂಥ ನಡುಗಾತ್ರದ ಸುಳ್ಳು ತುದಿಯಲ್ಲಿ ಇರುವುದೇ ಇಲ್ಲ. ಒಂದೇ ಚಿತ್ರವನ್ನು ನೋಡುತ್ತ ಕುಳಿತರೆ ಇಂಥದ್ದನ್ನು ಖಚಿತವಾಗಿ ಹೇಳಲು ಸಾಧ್ಯವಿಲ್ಲದ ಸಂದರ್ಭಗಳೂ ಇವೆ. ದೂರದ ಮಂದ ನಕ್ಷತ್ರ ಚಿತ್ರದಲ್ಲಿ ಒಂದೆರಡು ಪಿಕ್ಸೆಲ್‌ನ ಚುಕ್ಕೆ. ಪ್ರೋಟಾನ್ ಬಡಿದ ಗುರುತೂ ಒಂದೆರಡು ಪಿಕ್ಸೆಲ್‌ನ ಚುಕ್ಕೆ.

ಖಗೋಳ ವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ದಾರಿ ಇನ್ನೊಂದು ಚಿತ್ರ ತೆಗೆಯುವುದು. ನಕ್ಷತ್ರ ಎರಡರಲ್ಲೂ ಇರುತ್ತದೆ. ಪ್ರೋಟಾನ್ ಅದೇ ಪಿಕ್ಸೆಲ್‌ಗೆ ಮತ್ತೆ ಬಡಿಯುವ ಸಂಭವ ತೀರಾ ಕಡಿಮೆ. ಅದಕ್ಕೇ ಹಬಲ್ ದೂರದರ್ಶಕದಲ್ಲಿ ಬೇಕಾದ ಅವಧಿಯನ್ನು ಎರಡು ಅಥವಾ ಹೆಚ್ಚು ತುಂಡು ಮಾಡಿ ಚಿತ್ರ ತೆಗೆಯುವುದು ವಾಡಿಕೆ. 1995ರ ಡಿಸೆಂಬರಿನಲ್ಲಿ ಹತ್ತು ದಿನ ಆಕಾಶದ ಒಂದೇ ಚೂರನ್ನು ದಿಟ್ಟಿಸಿ ತೆಗೆದ ಪ್ರಸಿದ್ಧ ‘ಡೀಪ್ ಫೀಲ್ಡ್’ ಚಿತ್ರ 342 ಎಕ್ಸ್‌ಪೋಷರುಗಳ ಜೋಡಣೆ. ಮಧ್ಯಾಂಕವನ್ನು ಇಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಮೇಲೆ ಹಾಯಿಸದೆ, ಒಂದೇ ಪಿಕ್ಸೆಲ್‌ನ ಬೇರೆ ಬೇರೆ ಹೊತ್ತಿನ ಬೆಲೆಗಳ ಮೇಲೆ ಹಾಯಿಸಬಹುದು. ಆಗ ತಂತಿಯೂ ಉಳಿಯುತ್ತದೆ, ಮೂಲೆಯೂ ಉಳಿಯುತ್ತದೆ, ನಕ್ಷತ್ರವೂ ಉಳಿಯುತ್ತದೆ.

ಅಳಿಯುವುದು ಚಲಿಸುವಂಥದ್ದು. ಸೋಹೋ ಚಿತ್ರಗಳಲ್ಲಿ ಸೂರ್ಯನ ಹತ್ತಿರ ಸುಳಿದುಹೋಗುವ ಸಾವಿರಾರು ಧೂಮಕೇತುಗಳು ಪತ್ತೆಯಾಗಿವೆ. 2024ರ ಮಾರ್ಚಿನಲ್ಲಿ ಆ ಎಣಿಕೆ 5,000 ಮುಟ್ಟಿತು. ಹುಡುಕಿದವರಲ್ಲಿ ಬಹುಪಾಲು ಮನೆಯಲ್ಲೇ ಕುಳಿತು ಚಿತ್ರಗಳನ್ನು ತಿರುವಿಹಾಕುವ ಹವ್ಯಾಸಿಗಳು. ಅವರಿಗೆ ಬೇಕಾದ ಧೂಮಕೇತು ಒಂದು ಚಿತ್ರದಲ್ಲಿ ಇಲ್ಲಿ, ಮುಂದಿನದರಲ್ಲಿ ಸ್ವಲ್ಪ ಆಚೆ ಇರುವ ಮಸುಕು ಚುಕ್ಕೆ. ಹತ್ತಾರು ಚಿತ್ರಗಳ ಮಧ್ಯಾಂಕ ತೆಗೆದರೆ ಪ್ರೋಟಾನಿನ ಗುರುತಿನ ಜೊತೆಗೆ ಅದೂ ಮಾಯವಾಗುತ್ತದೆ. ಆದ್ದರಿಂದ ಆ ಮಧ್ಯಾಂಕವನ್ನು ಹಿನ್ನೆಲೆ ಎಂದು ಇಟ್ಟುಕೊಂಡು, ಒಂದೊಂದು ಚಿತ್ರದಿಂದಲೂ ಅದನ್ನು ಕಳೆಯಬಹುದು. ಫಿಲ್ಟರ್ ಎಸೆದದ್ದೆಲ್ಲ ಆಗ ಕೈಗೆ ಸಿಗುತ್ತದೆ. ಅದರಲ್ಲಿ ಒಂದೇ ಚಿತ್ರದಲ್ಲಿದ್ದು ಮರೆಯಾದದ್ದು ಪ್ರೋಟಾನ್, ದಾರಿ ಹಿಡಿದು ಸಾಗಿದ್ದು ಧೂಮಕೇತು.

ಸೋಹೋ ಇರುವ ಎಲ್1 ಎಂಬ ಆ ಬಿಂದುವಿನ ಸುತ್ತಲೇ 2024ರ ಜನವರಿ 6ರಿಂದ ಇಸ್ರೋದ ಆದಿತ್ಯ-ಎಲ್1 ಕೂಡ ಸುತ್ತುತ್ತಿದೆ. ಅದರ ಮುಖ್ಯ ಉಪಕರಣ ವೆಲ್ಕ್ ಸಿದ್ಧವಾದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ, ಹೊಸಕೋಟೆ ಬಳಿಯ ಅದರ ಆವರಣದಲ್ಲಿ. ಅದೂ ಕರೋನಾವನ್ನೇ ನೋಡುತ್ತದೆ, ಅದಕ್ಕೂ ಪ್ರೋಟಾನ್‌ಗಳ ಕಾಟ ತಪ್ಪಿದ್ದಲ್ಲ. ತೆಗೆದ ಚಿತ್ರಗಳನ್ನೆಲ್ಲ ಭೂಮಿಗೆ ಕಳಿಸುವಷ್ಟು ಸಂಪರ್ಕ ಇಲ್ಲದ್ದರಿಂದ, ಸೂರ್ಯನಿಂದ ಅನಿಲರಾಶಿ ಚಿಮ್ಮಿದ್ದನ್ನು ನೌಕೆಯಲ್ಲೇ ಗುರುತಿಸುವ ವಿಧಾನವೊಂದನ್ನು ವೆಲ್ಕ್‌ಗಾಗಿ ರೂಪಿಸಿ 2018ರಲ್ಲಿ ಪ್ರಕಟಿಸಲಾಯಿತು. ಮೊದಲು ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಒಟ್ಟುಗೂಡಿಸಿ ಚಿತ್ರವನ್ನು ಕಿರಿದುಮಾಡುತ್ತಾರೆ. ಆಮೇಲೆ ಹಿಂದಿನ ಚಿತ್ರದಿಂದ ಈಗಿನದಕ್ಕೆ ಏನು ಬದಲಾಯಿತೆಂದು ಕಳೆದು ನೋಡುತ್ತಾರೆ. ಬದಲಾದ ಜಾಗ ಸಾಕಷ್ಟು ಪ್ರಕಾಶವಾಗಿಯೂ ಇರಬೇಕು, ಸಾಕಷ್ಟು ಹರವಾಗಿಯೂ ಇರಬೇಕು. ಬರೀ ಪ್ರಕಾಶವನ್ನು ನೋಡಿದರೆ ಪ್ರೋಟಾನಿನ ಚುಕ್ಕೆಯೂ ಗೆಲ್ಲಬಲ್ಲದು. ಹರವಿನ ಪರೀಕ್ಷೆಯಲ್ಲಿ ಅದು ನಿಲ್ಲುವುದಿಲ್ಲ.

ಈಗ ಈ ಕೆಲಸವನ್ನೂ ನರಜಾಲಗಳಿಗೆ ಕಲಿಸುತ್ತಾರೆ. 2018ರಲ್ಲಿ ಎನ್ವಿಡಿಯಾ ಸಂಶೋಧಕರು ಸಂಗಡಿಗರೊಂದಿಗೆ ಪ್ರಕಟಿಸಿದ ‘ನಾಯ್ಸ್‌ಟುನಾಯ್ಸ್’ ಪ್ರಬಂಧ ಒಂದೂ ಶುದ್ಧ ಚಿತ್ರ ತೋರಿಸದೆ, ಕೆಟ್ಟ ಚಿತ್ರಗಳ ಜೋಡಿಗಳಿಂದಲೇ ಜಾಲವನ್ನು ಪಳಗಿಸಬಹುದು ಎಂದು ತೋರಿಸಿತು. ಅದರ ಒಳಗುಟ್ಟು ನಮಗೆ ಪರಿಚಿತವಾದದ್ದೇ. ತಪ್ಪಿನ ವರ್ಗವನ್ನು ಕನಿಷ್ಠಗೊಳಿಸು ಎಂದರೆ ಜಾಲ ಸರಾಸರಿಯತ್ತ ವಾಲುತ್ತದೆ. ತಪ್ಪಿನ ಗಾತ್ರವನ್ನಷ್ಟೇ ಕನಿಷ್ಠಗೊಳಿಸು ಎಂದರೆ ಮಧ್ಯಾಂಕದತ್ತ. ಯಾವ ಬೆಲೆ ಬೇಕಾದರೂ ತಾಳಬಲ್ಲ ಇಂಪಲ್ಸ್ ನಾಯ್ಸಿಗೆ ಅವರು ಬಳಸಿದ್ದು ಬಹುಲಕದತ್ತ ವಾಲುವ ಅಳತೆಯನ್ನು. ಹೈಸ್ಕೂಲಿನ ಒಂದೇ ಪಾಠದ ಮೂರು ಲೆಕ್ಕಗಳೂ ಅಲ್ಲಿವೆ.

ನಮಗೆ ಹತ್ತಿರದ ಕೆಲಸವೊಂದಕ್ಕೆ ಇದರಲ್ಲಿ ಕಲಿಯುವುದು ಬಹಳವಿದೆ: ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನಿಂಗ್. ಧೂಳು, ಹುಳು ತಿಂದ ತೂತು, ಮೊಳೆ ಒತ್ತುವಾಗ ಸಿಡಿದ ಮಸಿ ಎಲ್ಲ ಸೇರಿ ಪುಟದ ತುಂಬ ಕರಿಚುಕ್ಕೆಗಳಾಗುತ್ತವೆ. ಸ್ಕ್ಯಾನ್ ತಂತ್ರಾಂಶದಲ್ಲಿ ಚುಕ್ಕೆ ತೆಗೆಯುವ ಗುಂಡಿಯೊಂದು ಇರುತ್ತದೆ, ಒತ್ತಿದರೆ ಪುಟ ಚೊಕ್ಕಟವಾಗಿ ಕಾಣುತ್ತದೆ. ಆದರೆ ‘ದ’ಕಾರಕ್ಕೆ ಹೊಟ್ಟೆ ಸೀಳಿದರೆ ತಾನೆ ‘ಧ’? ಆ ಸೀಳು 0.2 ಮಿಲಿಮೀಟರ್ ದಪ್ಪವಿದೆ ಎಂದುಕೊಂಡರೆ, ಇಂಚಿಗೆ 100 ಚುಕ್ಕೆಗಳ ಸ್ಕ್ಯಾನಿನಲ್ಲಿ ಅದು ಒಂದು ಪಿಕ್ಸೆಲ್ ಕೂಡ ಅಗಲವಿರುವುದಿಲ್ಲ. 3×3 ಮಧ್ಯಾಂಕ ಹಾಯಿಸಿದರೆ ಸೀಳು ಹೋಗುತ್ತದೆ, ‘ಧನ’ ‘ದನ’ವಾಗುತ್ತದೆ. ಇಂಚಿಗೆ 300 ಚುಕ್ಕೆ ಇಟ್ಟರೆ ಅದೇ ಸೀಳು ಎರಡು ಪಿಕ್ಸೆಲ್‌ಗಿಂತ ಹೆಚ್ಚು ಅಗಲವಾಗಿ, ಉಳಿಯುವ ಅವಕಾಶ ಪಡೆಯುತ್ತದೆ. ಅಂಟಿಕೊಂಡ ಕರಿ ಪಿಕ್ಸೆಲ್‌ಗಳ ಗುಂಪನ್ನು ಎಣಿಸಿ, ಇಷ್ಟಕ್ಕಿಂತ ಚಿಕ್ಕದಿದ್ದರೆ ತೆಗೆ ಎನ್ನುವ ವಿಧಾನವೂ ಇದೆ. ಅದು ಅಕ್ಷರದ ಮೈಗೆ ಕೈ ಹಾಕುವುದಿಲ್ಲವಾದ್ದರಿಂದ ಎಷ್ಟೋ ವಾಸಿ, ಆದರೆ ಮಿತಿಯನ್ನು ಕೊಂಚ ಹೆಚ್ಚಿಸಿದರೆ ಪೂರ್ಣವಿರಾಮಗಳೂ ‘ಜ಼’, ‘ಫ಼’ಗಳ ಕೆಳಗಿನ ಚುಕ್ಕಿಗಳೂ ಧೂಳಿನ ಜೊತೆ ಹೋಗುತ್ತವೆ.

ಹಬಲ್‌ನ ದತ್ತಾಂಶ ಕಡತಗಳಲ್ಲಿ ಪ್ರತಿ ಚಿತ್ರದ ಜೊತೆಗೆ ಅಷ್ಟೇ ಗಾತ್ರದ ಇನ್ನೊಂದು ಪಟವಿರುತ್ತದೆ. ಯಾವ ಪಿಕ್ಸೆಲ್‌ನಲ್ಲಿ ಏನು ದೋಷವೆಂದು ಅದರಲ್ಲಿ ಬರೆದಿರುತ್ತಾರೆ. ಹಬಲ್‌ನ ಎಸಿಎಸ್ ಕ್ಯಾಮೆರಾದ ಕಡತಗಳಲ್ಲಿ 8192 ಎಂದಿದ್ದರೆ, ಹಲವು ಎಕ್ಸ್‌ಪೋಷರುಗಳನ್ನು ಹೋಲಿಸಿ ವಿಶ್ವಕಿರಣದ ಗುರುತೆಂದು ತಳ್ಳಿಹಾಕಿದ ಪಿಕ್ಸೆಲ್ ಎಂದರ್ಥ. ಮೂಲ ಎಕ್ಸ್‌ಪೋಷರುಗಳೂ ಹಾಗೆಯೇ ಭದ್ರವಾಗಿರುತ್ತವೆ, ನಾಳೆ ಯಾರಾದರೂ ಈ ತೀರ್ಪನ್ನು ಒಪ್ಪದಿದ್ದರೆ ಮತ್ತೆ ಮೊದಲಿನಿಂದ ನೋಡಬಹುದು. ನಮ್ಮ ಹಳೆಯ ಪುಟಗಳಿಗೂ ಇದೇ ಪದ್ಧತಿ ಬೇಕು: ಮುಟ್ಟದ ಸ್ಕ್ಯಾನ್ ಒಂದು, ಬೂದು ಬಣ್ಣಗಳೆಲ್ಲ ಇರುವಂತೆ, ಇಂಚಿಗೆ 300ಕ್ಕೆ ಕಡಿಮೆಯಿಲ್ಲದೆ, ಓದಲು ಚೊಕ್ಕಟ ಮಾಡಿದ ಪ್ರತಿ ಇನ್ನೊಂದು, ಎರಡರ ನಡುವೆ ಯಾವ ಚುಕ್ಕೆಗಳನ್ನು ತೆಗೆದೆವೆಂಬ ಪಟ ಮೂರನೆಯದು. ಈ ಮೂರನೆಯದು ಪಿಕ್ಸೆಲ್‌ಗೆ ಒಂದೇ ಬಿಟ್ ಸಾಕಾಗುವ ಕಪ್ಪು-ಬಿಳಿ ಪಟ, ಒತ್ತಿಟ್ಟರೆ ಮೂಲದ ಪಕ್ಕದಲ್ಲಿ ಅದರ ಗಾತ್ರ ಲೆಕ್ಕಕ್ಕೇ ಬರುವುದಿಲ್ಲ.